ಹಳೇ ಮೈನಿಂಗ್ ಯಂತ್ರಕ್ಕೆ ಎಂಥಾ ಎಸ್‌ಎಂಪಿಎಸ್ ಹಾಕಬೇಕು?

2016ರಲ್ಲಿ ಬಂದ ಬಿಟ್‌ಕಾಯಿನ್ ಮೈನಿಂಗ್ ಯಂತ್ರ ಆಂಟ್‌ಮೈನರ್ ಎಸ್9 ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಮೈನಿಂಗ್ (ಯಂತ್ರದಿಂದ ಲೆಕ್ಕ ಮಾಡಿಸಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಗಳಿಸುವುದು) ಕಲಿಯಲು ಒಳ್ಳೆಯದೇ, ಸಂಪಾದನೆಗೆ ಖಂಡಿತ ಅಲ್ಲ. ಇಡೀ ದಿನ ಓಡಿದರೆ ಸುಮಾರು 32 ಯೂನಿಟ್ ಕರೆಂಟು ಬೇಕು. ಕಾಸರಗೋಡಿನವರಿಗೆ ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಅದೊಂದೇ 1,900 ಯೂನಿಟ್ ದಾಟುತ್ತದೆ. ಗೊತ್ತಿದ್ದೂ ಕೊಳ್ಳುವವರು ಎಸ್‌ಎಂಪಿಎಸ್ (ಪ್ಲಗ್ಗಿನ ಕರೆಂಟನ್ನು ಯಂತ್ರಕ್ಕೆ ಬೇಕಾದ 12 ವೋಲ್ಟ್‌ಗೆ ಇಳಿಸುವ ಡಬ್ಬ) ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ಮೊದಲು ಎಸ್‌ಎಂಪಿಎಸ್‌ನ ಲೇಬಲ್ ಓದಿ. ಡಬ್ಬದ ಮೇಲಿನ ದೊಡ್ಡ ಅಂಕಿ ಬೇಡ, 12 ವೋಲ್ಟ್ ಪಕ್ಕದ ಆಂಪಿಯರ್ ನೋಡಿ, 12ರಿಂದ ಗುಣಿಸಿ. 133 ಆಂಪಿಯರ್ ಇದ್ದರೆ ಸುಮಾರು 1,600 ವ್ಯಾಟ್. ಎಸ್9 ಎಸ್‌ಎಂಪಿಎಸ್‌ನಿಂದ ಎಳೆಯುವುದು 1,250ರ ಆಸುಪಾಸು (ಎಸ್‌ಎಂಪಿಎಸ್ ಒಳಗಿನ ನಷ್ಟ ಸೇರಿ ಪ್ಲಗ್ಗಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ). ಹಗಲೂ ರಾತ್ರಿ ಓಡುವ ಯಂತ್ರಕ್ಕೆ ಇಷ್ಟು ಮಿಗತೆ ಬೇಕೇ ಬೇಕು.

ಆಮೇಲೆ ಕನೆಕ್ಟರ್ ಎಣಿಸಿ. ಯಂತ್ರದೊಳಗೆ ಲೆಕ್ಕ ಮಾಡುವ ಮೂರು ಹ್ಯಾಶ್ ಬೋರ್ಡ್‌ಗಳಿಗೆ ಮೂರು ಮೂರು, ಅವನ್ನು ನಡೆಸುವ ಕಂಟ್ರೋಲ್ ಬೋರ್ಡಿಗೆ ಒಂದು, ಒಟ್ಟು ಆರು ಪಿನ್ನಿನ 10 ಕನೆಕ್ಟರ್. ಒಂದನ್ನೂ ಖಾಲಿ ಬಿಡಬಾರದು. ಹ್ಯಾಶ್ ಬೋರ್ಡಿನ ಒಂದೊಂದರಲ್ಲೂ ಸುಮಾರು 135 ವ್ಯಾಟ್ ಹರಿಯುತ್ತದೆ, ಹಾಗಾಗಿ ದಪ್ಪ ವೈರ್ ಇರಲಿ. ಹಾರ್ಡ್ ಡಿಸ್ಕ್ ವೈರಿಗೆ ಅಡಾಪ್ಟರ್ ಸಿಕ್ಕಿಸುವ ಉಪಾಯ ಬೇಡವೇ ಬೇಡ. ಹಳೇ ಸಾಮಾನು ಕೊಳ್ಳುವಾಗ ಕನೆಕ್ಟರಿನ ಬಾಯಿಗೆ ಟಾರ್ಚ್ ಹಿಡಿಯಿರಿ. ಪ್ಲಾಸ್ಟಿಕ್ ಕಂದಾಗಿದ್ದರೆ, ಪಿನ್ನಿನ ಸುತ್ತ ಕರಗಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಯಂತ್ರದ ಕಂಪನಿಯವರದೇ ಎಸ್‌ಎಂಪಿಎಸ್ ಎಪಿಡಬ್ಲ್ಯೂ3++ ಒಳ್ಳೆಯದಿದ್ದರೆ ಅದನ್ನೇ ಹಾಕಿ. ಆದರೆ ಅದು 1,600 ವ್ಯಾಟ್ ಕೊಡುವುದು 200 ವೋಲ್ಟ್‌ಗಿಂತ ಮೇಲೆ. ನಮ್ಮ ಕಡೆ ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿದರೆ ವೋಲ್ಟೇಜ್ ಇಳಿಯುತ್ತದೆ, ಅಲ್ವಾ? ಆ ಹೊತ್ತಿಗೇ ಪ್ಲಗ್ಗಿನಲ್ಲಿ ಅಳೆದು ನೋಡಿ. 200ಕ್ಕಿಂತ ಕೆಳಗಿದ್ದರೆ ಯಂತ್ರ ಆಗ ಆಫ್ ಇರಲಿ.

ಎರಡು ಎಸ್‌ಎಂಪಿಎಸ್ ಸೇರಿಸುವುದಾದರೆ ಒಂದು ಬೋರ್ಡಿಗೆ ಎರಡರಿಂದಲೂ ಕೊಡಬೇಡಿ, ಬೋರ್ಡ್ ಸುಟ್ಟೀತು. ಕಂಟ್ರೋಲ್ ಬೋರ್ಡಿಗೆ ಕೊಡುವ ಎಸ್‌ಎಂಪಿಎಸ್ ಅನ್ನು ಕೊನೆಗೆ ಆನ್ ಮಾಡಿ.

ಪ್ಲಗ್ 16 ಆಂಪಿಯರಿನದೇ ಆಗಲಿ. ಮೀಟರ್ ಬೋರ್ಡಿನಿಂದ ಬೇರೆಯೇ 2.5 ಸ್ಕ್ವೇರ್ ಎಂಎಂ ವೈರ್ ಎಳೆಸಿ, ಅರ್ಥಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ತುಲಾ ತಿಂಗಳ ಗುಡುಗು ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಮೋಡ ಕಟ್ಟುವಾಗಲೇ ಪ್ಲಗ್ ಕೀಳಬೇಕು, ಇಂಟರ್‌ನೆಟ್ ಕೇಬಲ್ಲನ್ನೂ ಕೂಡ. ಕೆಟ್ಟರೂ ಎಸ್‌ಎಂಪಿಎಸ್ ಡಬ್ಬ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.