ಹಸಿರಿನ ಕೆಳಗೆ ಚಿನ್ನ: ನನ್ನ ನಂದನವನ ನಿಂತ ಬಗೆ

ಆರಡಿ ಹಲಗೆಯ ಮೇಲೆ ಮೈಸೂರು ಶೈಲಿಯ ಗೆಸ್ಸೊ, ಅಂದರೆ ಚಿನ್ನದ ಹಾಳೆಯ ಕೆಳಗೆ ಹಚ್ಚುವ ಗೋಂದಿನ ಉಬ್ಬು ಲೇಪ, ನಿಲ್ಲುವುದಿಲ್ಲ, ಒಂದೇ ಮಳೆಗಾಲಕ್ಕೆ ಬಿರುಕು ಬಿಡುತ್ತದೆ ಎಂದು ನನಗೆ ಹೇಳದ ಕಲಾವಿದರಿಲ್ಲ. ಆ ಕೆಲಸ ದೇವರಕೋಣೆಯ ಪಟಕ್ಕೆ ಸರಿ, ಇವತ್ತಿನ ಗ್ಯಾಲರಿಗೆ ಸ್ವರ್ಗ ಬೇಕಿಲ್ಲ ಎಂದವರೂ ಇದ್ದರು. ನಂದನವನ ಎಂಬ ನನ್ನ ಚಿತ್ರ ಶಿರಸಿ ಕಡೆಯ ತೋಟದ ಮನೆಯೊಂದರ ಗೋಡೆಯ ಮೇಲೆ ಮೂರನೆಯ ಮಳೆಗಾಲ ಮುಗಿಸಿದೆ. ಕೂದಲೆಳೆಯಷ್ಟೂ ಸೀಳಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಸ್ವರ್ಗವನ್ನು ಚಿತ್ರಿಸುವವರು ಸಾಮಾನ್ಯವಾಗಿ ಬೆಳಕಿನಿಂದ ಹೊರಡುತ್ತಾರೆ. ತಿಳಿನೀಲಿ ಆಕಾಶ, ಮೋಡ, ಹೊಳೆಯುವ ಹೂವು. ಕೊನೆಗೆ ಕ್ಯಾಲೆಂಡರ್ ಸಿದ್ಧವಾಗುತ್ತದೆ. ನಾನು ಕತ್ತಲೆಯಿಂದ ಹೊರಟೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ, ನಿಂತವರಿಗೆ ಗೊತ್ತು: ಮಟಮಟ ಮಧ್ಯಾಹ್ನವೂ ಅಲ್ಲಿ ಮಬ್ಬು, ನೀರಿನಿಂದ ಮೇಲೆದ್ದ ಬೇರುಗಳು ಮಡಿಸಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿಯುತ್ತವೆ. ನನ್ನ ಕಲ್ಪವೃಕ್ಷಕ್ಕೆ ಆ ಬೇರುಗಳನ್ನೇ ಕೊಟ್ಟೆ. ದೇವಲೋಕದ ಉಳಿದ ಮರಗಳಾದ ಮಂದಾರ, ಪಾರಿಜಾತ, ಸಂತಾನ, ಹರಿಚಂದನಗಳೂ ಅದೇ ನೀರಿನಲ್ಲಿ ನಿಂತಿವೆ. ಆಕಾಶವೇ ಇಲ್ಲ.

ಆಕಾಶ ಬಿಡುವ ಧೈರ್ಯ ಬಂದದ್ದು ತಮಿಳುನಾಡಿನ ಪುದುಕ್ಕೋಟ್ಟೈ ಬಳಿಯ ಸಿತ್ತನ್ನವಾಸಲ್ ಜೈನ ಗುಹೆಯ ಚಾವಣಿಯಿಂದ. ಸಾವಿರ ವರ್ಷ ದಾಟಿದ ಆ ಸಮವಸರಣದ (ತೀರ್ಥಂಕರರ ದಿವ್ಯ ಉಪದೇಶಸಭೆಯ) ಚಿತ್ರದ ತಾವರೆಕೊಳದಲ್ಲಿ ಆನೆ, ಮೀನು, ಹಂಸಗಳ ನಡುವೆ ಮನುಷ್ಯರು ಹೂ ಕೊಯ್ಯುತ್ತಿದ್ದಾರೆ. ಎಲ್ಲರೂ ಸುಮ್ಮನೆ ಕುಳಿತಿರುವ ಸ್ವರ್ಗ ನನಗೆ ನಿರ್ಜೀವವಾಗಿ ಕಾಣುತ್ತದೆ. ನನ್ನ ಅಪ್ಸರೆಯರು ಅಡಿಕೆ ಸುಲಿಯುತ್ತಾರೆ.

ಬಿಗಿದ ಕ್ಯಾನ್ವಾಸಿನ ಮೇಲೆ ಮಾಡಿದ್ದೆಲ್ಲ ಹಾಳಾಯಿತು. ಬಟ್ಟೆ ಬಳುಕುತ್ತದೆ, ಗೆಸ್ಸೊ ಬಳುಕುವುದಿಲ್ಲ. ಆಷಾಢದಲ್ಲಿ ಗೋಂದು ತೇವ ಹೀರಿ ಮೆತ್ತಗಾಗಿ, ಪುಷ್ಯದ ಒಣಗಾಳಿಗೆ ಸೆಟೆದು, ಚಿನ್ನದ ಸಮೇತ ಚಕ್ಕೆಯಾಗಿ ಉದುರಿತು. ಚಿನ್ನದ ಹಾಳೆಗೇ ಆಗ ಎಪ್ಪತ್ತು ಸಾವಿರದಷ್ಟು ಹೋಗಿರಬೇಕು. ಖರ್ಚು ತಗ್ಗಲೆಂದು ಹಿತ್ತಾಳೆಯ ನಕಲಿ ಹಾಳೆ ಹಚ್ಚಿ ನೋಡಿದೆ, ವರ್ಷದೊಳಗೆ ಕಪ್ಪಿಟ್ಟಿತು. ಅಭ್ರಕದ ಪುಡಿಯಲ್ಲಿ ಹೊಳಪಿದೆ, ಆಳವಿಲ್ಲ.

ಈಗ ನೀರು ತಡೆಯುವ ದಪ್ಪ ಮರೈನ್ ಪ್ಲೈವುಡ್, ಹಿಂದೆ ತೇಗದ ಚೌಕಟ್ಟು, ಮೇಲೆ ಅಂಟಿಸಿದ ಹತ್ತಿಬಟ್ಟೆ. ಪ್ಲೈವುಡ್ಡಿನ ಹಿಂಬದಿಗೂ ವಾರ್ನಿಷ್ ಹೊಡೆಯಬೇಕು, ಇಲ್ಲವಾದರೆ ಹಲಗೆ ಒಂದೇ ಕಡೆಗೆ ಬಾಗುತ್ತದೆ. ಗೆಸ್ಸೊ ಕುಂಚದಲ್ಲಿ ತೆಳುವಾಗಿ, ಪದರ ಪದರವಾಗಿ. ಒಟ್ಟು ಎತ್ತರ ಅರ್ಧ ಮಿಲಿಮೀಟರಿನ ಆಸುಪಾಸು. ತಂಜಾವೂರಿನವರಂತೆ ಉಬ್ಬಿಸಲು ಹೋದರೆ ಈ ಅಳತೆಯ ಹಲಗೆ ತಡೆಯುವುದಿಲ್ಲ. ಒಣಗಿಸುವುದು ನೆರಳಿನಲ್ಲಿ ಮಾತ್ರ. ಅರಬ್ಬೀ ಗೋಂದನ್ನು ಹಳೆಯ ಅಳತೆಗಿಂತ ಕಾಲುಭಾಗದಷ್ಟು ತಗ್ಗಿಸಿ, ಅದರ ಜಾಗಕ್ಕೆ ಬೇರೊಂದನ್ನು ಸೇರಿಸುತ್ತೇನೆ. ಅದು ಏನೆಂದು ಇಲ್ಲಿ ಹೇಳುವುದಿಲ್ಲ.

ನಮ್ಮ ಪದ್ಧತಿಯಲ್ಲಿ ಚಿನ್ನ ಎಲ್ಲಕ್ಕಿಂತ ಮೇಲೆ ಹೊಳೆಯುತ್ತದೆ. ನಾನು ಅದನ್ನು ಹಸಿರಿನ ಕೆಳಗಿಟ್ಟೆ. ಚಿನ್ನದ ಮೇಲೆ ಜಲವರ್ಣ ಹಿಡಿಯದೆ ಹನಿಗಟ್ಟುತ್ತದೆ. ಆದ್ದರಿಂದ ಮೊದಲು ಅರಗಿನ ತೆಳು ವಾರ್ನಿಷ್, ಅದು ಒಣಗಿದ ಮೇಲೆ ಎಣ್ಣೆಬಣ್ಣದ ಪಾರದರ್ಶಕ ಹಸಿರು, ಮತ್ತೆ ಮತ್ತೆ. ಎಲೆ ಒಳಗಿನಿಂದ ಬೆಳಗುತ್ತದೆ. ಈ ಹಸಿರನ್ನು ನಮ್ಮ ಕಡೆ ಇನ್ನೊಬ್ಬರು ಮಾಡಿದ್ದನ್ನು ನಾನು ನೋಡಿಲ್ಲ.

ನಡುವೆ ಚಿತ್ರಕಾರ ರಕೀಬ್ ಶಾ ಅವರ ದಾರಿಯನ್ನೂ ತುಳಿದು ನೋಡಿದೆ. ಕಾಶ್ಮೀರದಲ್ಲಿ ಬೆಳೆದು ಲಂಡನ್ನಿನಲ್ಲಿ ನೆಲೆಸಿದ ಅವರು ಎನಾಮಲ್ ಬಣ್ಣವನ್ನು ಸುರಿದು ಮುಳ್ಳುಹಂದಿಯ ಮುಳ್ಳಿನಿಂದ ಎಳೆದಾಡಿಸುತ್ತಾರೆ; ಅವರದೊಂದು ಸ್ವರ್ಗೋದ್ಯಾನ 2007ರಲ್ಲಿ ಲಂಡನ್ನಿನ ಹರಾಜಿನಲ್ಲಿ 27 ಲಕ್ಷ ಪೌಂಡು ಮುಟ್ಟಿತ್ತು. ನಾನು ಗೋಣಿಸೂಜಿ ಹಿಡಿದೆ. ತಾವರೆಯ ಎಸಳಿಗೆ ಎನಾಮಲ್ ಬಹಳ ಚೆನ್ನ, ಆದರೆ ಗೆಸ್ಸೊದ ಪಕ್ಕದಲ್ಲಿ ಅದರ ಹೊಳಪು ಚಿನ್ನವನ್ನು ನುಂಗಿಹಾಕುತ್ತದೆ. ನೀರಿನ ನಾಲ್ಕೈದು ಹನಿಗಳಿಗಷ್ಟೇ ಉಳಿಸಿಕೊಂಡಿದ್ದೇನೆ.

ಸಣ್ಣ ಹಲಗೆಗಳು ಬೆಂಗಳೂರಿನ ಚಿತ್ರಸಂತೆಯಲ್ಲಿ ಹತ್ತು ಹದಿನೈದು ಸಾವಿರಕ್ಕೆ ಹೋದವು. ಬಿಸಿಲಿನಲ್ಲಿ ಈ ಹಸಿರು ಸತ್ತಂತೆ ಕಾಣುತ್ತದೆ, ಆದ್ದರಿಂದ ಕೊಡೆಯ ನೆರಳಿನಲ್ಲೇ ತೋರಿಸಿದೆ. ದೊಡ್ಡದಕ್ಕೆ ಸಾಮಾನಿನ ಖರ್ಚೇ ಒಂದು ಲಕ್ಷದ ಮೇಲೆ, ಎರಡೂಮುಕ್ಕಾಲಕ್ಕೆ ಕೊಟ್ಟೆ. ಕೊಂಡವರು ಈಗ ಜಗಲಿಯ ಚಾವಣಿಗೂ ಒಂದು ಕೇಳಿದ್ದಾರೆ. ಅದಕ್ಕೆ ಇಷ್ಟು ಭಾರದ ಹಲಗೆ ಆಗದು. ತೆಳು ಪ್ಲೈವುಡ್ಡಿಗೆ ಒತ್ತೊತ್ತಾಗಿ ಪಟ್ಟಿ ಹೊಡೆಸಿ, ಅಂಗೈಯಗಲದ ಗೆಸ್ಸೊ ಹಚ್ಚಿ, ನಿಲ್ಲುತ್ತದೆಯೇ ನೋಡಲು ಮುಖ ಕೆಳಗಾಗಿ ನೇತುಹಾಕಿದ್ದೇನೆ.