ಘಟಸರ್ಪದ ಕಥೆ ಹೇಳುವ ಮುನ್ನ, ಅದು ಎಲ್ಲಿ ಕೂತಿದೆ ನೋಡಿ

ಸಂಡೇ ಸ್ಕೂಲಿನಲ್ಲಿ ಕಥೆ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಮೊದಲ ವರ್ಷ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 12ನೇ ಅಧ್ಯಾಯ ತೆರೆದು, ಏಳು ತಲೆ, ಹತ್ತು ಕೊಂಬಿನ ಕೆಂಪು ಘಟಸರ್ಪವನ್ನು (ಅಂದರೆ ಡ್ರ್ಯಾಗನ್ನನ್ನು) ಬಣ್ಣಿಸಿ, 'ಘಟಸರ್ಪ ಅಂದರೆ ಸೈತಾನ, ಅಷ್ಟೇ' ಎಂದು ಪಾಠ ಮುಗಿಸಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. 'ಟೀಚರ್, ಚೀನಾದ ಡ್ರ್ಯಾಗನ್ ಮಳೆ ತರುತ್ತಂತಲ್ಲ, ಅದೂ ಸೈತಾನನಾ?' ನಾನು ತಡವರಿಸಿದೆ. ಆಮೇಲೆ ಕಥೆ ಹೇಳುವ ಕ್ರಮವನ್ನೇ ಬದಲಿಸಿದೆ.

ಈಗ ಯಾವ ಘಟಸರ್ಪದ ಕಥೆ ಸಿಕ್ಕರೂ ಮೊದಲು ಕೇಳಿಕೊಳ್ಳುವುದು ಒಂದೇ: ಆ ಸರ್ಪ ಏನನ್ನು ಅಡ್ಡಗಟ್ಟಿ ಕೂತಿದೆ? ಹಲ್ಲು, ಬೆಂಕಿ, ರೆಕ್ಕೆಯ ಮಾತು ಆಮೇಲಿರಲಿ. ಋಗ್ವೇದದ ಸರ್ಪ ವೃತ್ರ ನೀರನ್ನು ತಡೆದು ಮಲಗಿದ್ದ; ಇಂದ್ರ ಅವನನ್ನು ಕೊಂದ ಮೇಲೆ ನದಿಗಳು ಹರಿದವು. ಚೀನಾದ ಡ್ರ್ಯಾಗನ್ ಲೋಂಗ್ ತದ್ವಿರುದ್ಧ, ನೀರು ಕೊಡುವುದೇ ಅದರ ಕೆಲಸ. ಆದರೂ 1919ರ ಚೀನೀ ಬೈಬಲ್ ಅನುವಾದದಲ್ಲಿ ಪ್ರಕಟನೆಯ ಶತ್ರುವಿಗೆ ಲೋಂಗ್ ಎಂಬ ಪದವೇ ಇದೆ. ಹೆಸರು ಒಂದಾದ ಮಾತ್ರಕ್ಕೆ ಪ್ರಾಣಿ ಒಂದೇ ಆಗಬೇಕಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಈ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುವುದು ನಾರ್ಸ್, ಅಂದರೆ ಉತ್ತರ ಯುರೋಪಿನ ಹಳೆಯ ಕಥೆಯ ಫಾಫ್ನಿರ್ ವಿಷಯದಲ್ಲಿ. ಅವನು ಹುಟ್ಟಿನಿಂದ ಸರ್ಪವಲ್ಲ. ಚಿನ್ನದ ಆಸೆಗೆ ತಂದೆಯನ್ನೇ ಕೊಂದ, ತಮ್ಮನಿಗೆ ಪಾಲು ಕೊಡಲಿಲ್ಲ, ನಿಧಿಯ ಮೇಲೆ ಮಲಗಿ ಮಲಗಿ ಸರ್ಪವೇ ಆದ. ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. 'ನಿಮ್ಮ ನಿಧಿ ಎಲ್ಲಿದೆಯೋ ಅಲ್ಲೇ ನಿಮ್ಮ ಮನಸ್ಸೂ' ಎಂಬ ಯೇಸುವಿನ ಮಾತು ದೊಡ್ಡ ಮಕ್ಕಳಿಗೆ ತಾನಾಗಿಯೇ ನೆನಪಾಗುತ್ತದೆ. ಇದು ನನ್ನ ಹಟದ ಜೋಡಣೆಯೇನಲ್ಲ. ನಾರ್ವೆಯ ಹಿಲೆಸ್ಟಾಡ್ ಎಂಬಲ್ಲಿನ ಮರದ ಚರ್ಚಿನ ಬಾಗಿಲಿಗೆ, ಸುಮಾರು 1200ರ ಹೊತ್ತಿಗೆ, ಇದೇ ಫಾಫ್ನಿರ್‌ನ ವಧೆಯನ್ನು ಕೆತ್ತಿದ್ದರು. ಆರಾಧನೆಗೆ ಬಂದವರು ಅದನ್ನು ದಾಟಿಯೇ ಒಳಗೆ ಹೋಗಬೇಕಿತ್ತು.

ಮುಂದಿನ ಹೆಜ್ಜೆ, ಬೈಬಲನ್ನೂ ಒಂದೇ ಕಣ್ಣಿನಿಂದ ಓದದಿರುವುದು. ಯೆಶಾಯ 27ರಲ್ಲಿ ಯೆಹೋವನು ಲೆವಿಯಾತಾನ್ ಎಂಬ ಕಡಲ ಸರ್ಪವನ್ನು ಖಡ್ಗದಿಂದ ದಂಡಿಸುತ್ತಾನೆ. 104ನೇ ಕೀರ್ತನೆಯಲ್ಲೋ ಅದು ಆತನೇ ಉಂಟುಮಾಡಿದ, ಸಮುದ್ರದಲ್ಲಿ ಆಟವಾಡುವ ಜೀವಿ. 1929ರಿಂದ ಸಿರಿಯಾದ ಉಗಾರಿತ್‌ನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲೂ ಏಳು ತಲೆಯ ಹಾವಿದೆ. ಅದನ್ನು ಕೊಂದವನು ಅಲ್ಲಿನವರ ದೇವರು ಬಾಳ. ಇಸ್ರಾಯೇಲ್ಯರ ಸುತ್ತಲಿನವರಿಗೆ ಕಡಲ ಸರ್ಪವೆಂದರೆ ದೇವರುಗಳಿಗೇ ಎದುರಾಳಿ. ಕೀರ್ತನೆಗಾರ ಅದನ್ನು ಆಡುವ ಮೀನಿನ ಮಟ್ಟಕ್ಕೆ ಇಳಿಸಿಬಿಟ್ಟಿದ್ದಾನೆ! ನನಗೆ ಇದು ಖಡ್ಗಕ್ಕಿಂತ ದೊಡ್ಡ ಗೆಲುವಾಗಿ ಕಾಣುತ್ತದೆ.

ಸಂತ ಜಾರ್ಜ್ ಕಥೆಯನ್ನು ಎಲ್ಲರೂ ಕೇಳುತ್ತಾರೆ, ಹೇಳಿ. ಆದರೆ ಪೂರ್ತಿ ಹೇಳಿ. ಸಂತರ ಕಥೆಗಳ ಸಂಗ್ರಹವಾದ 13ನೇ ಶತಮಾನದ 'ಸುವರ್ಣ ದಂತಕಥೆ'ಯ ಪ್ರಕಾರ ಲಿಬಿಯಾದ ಸಿಲೇನ್ ಪಟ್ಟಣದವರು ಸರ್ಪಕ್ಕೆ ದಿನಕ್ಕೆರಡು ಕುರಿ ಕೊಡುತ್ತಿದ್ದರು. ಕುರಿ ಸಾಲದಾದಾಗ ಚೀಟಿ ಎತ್ತಿ ಮಕ್ಕಳನ್ನು ಕೊಟ್ಟರು. ರಾಜ ಬಾಯಿ ಬಿಟ್ಟದ್ದು ತನ್ನ ಮಗಳ ಹೆಸರು ಬಂದಾಗಲೇ. ಜಾರ್ಜ್ ಸರ್ಪವನ್ನು ಗಾಯಗೊಳಿಸಿ, ರಾಜಕುಮಾರಿಯ ಸೊಂಟಪಟ್ಟಿ ಕಟ್ಟಿಸಿ ಊರೊಳಗೆ ತಂದು, 'ದೀಕ್ಷಾಸ್ನಾನ ಮಾಡಿಸಿಕೊಂಡರೆ ಕೊಲ್ಲುತ್ತೇನೆ' ಎನ್ನುತ್ತಾನೆ. ಈ ಷರತ್ತು ನನಗೆ ಹಿಡಿಸದು. ಮಕ್ಕಳ ಮುಂದೆ ಅದನ್ನು ಮುಚ್ಚಿಡುವುದೂ ಇಲ್ಲ.

ಕೊನೆಗೆ ಆಯುಧವನ್ನು ಗಮನಿಸಿ. ಪ್ರಕಟನೆ 12ರಲ್ಲಿ ಘಟಸರ್ಪ ನಿಂತಿರುವುದು ಹೆರುವ ಹೆಂಗಸಿನ ಮುಂದೆ, ಕೂಸನ್ನು ನುಂಗಲು. ಅದರ ಮೇಲೆ ದೇವದೂತ ಮೀಕಾಯೇಲನ ಯುದ್ಧ ಆದ ಮೇಲೆ 11ನೇ ವಚನ ಬರುತ್ತದೆ: ವಿಶ್ವಾಸಿಗಳು ಘಟಸರ್ಪವನ್ನು ಜಯಿಸಿದ್ದು ಕುರಿಮರಿಯ, ಅಂದರೆ ಯೇಸುವಿನ ರಕ್ತದಿಂದ, ತಮ್ಮ ಸಾಕ್ಷಿಯಿಂದ. ಅಲ್ಲಿ ಅವರ ಕೈಯಲ್ಲಿ ಈಟಿ ಇಲ್ಲ.

ಇದಕ್ಕೆ ಹೊಂದುವ ಕಥೆ ಸಂತ ಮಾರ್ಥಳದು. ಫ್ರಾನ್ಸಿನ ರೋನ್ ನದಿಯ ದಡದಲ್ಲಿ ತರಾಸ್ಕ್ ಎಂಬ ಪ್ರಾಣಿಯ ಮೇಲೆ ಆಕೆ ಪವಿತ್ರ ನೀರು ಚಿಮುಕಿಸಿ, ಶಿಲುಬೆ ತೋರಿಸಿದಳು. ಅದು ಕುರಿಯಂತೆ ನಿಂತಿತು; ತನ್ನ ಸೊಂಟಪಟ್ಟಿಯಿಂದಲೇ ಕಟ್ಟಿದಳು. ಕಟ್ಟಿ ನಿಲ್ಲಿಸಿದ್ದನ್ನು ಊರಿನವರು ಈಟಿ, ಕಲ್ಲುಗಳಿಂದ ಕೊಂದರು. ಇಲ್ಲಿಗೆ ನಿಲ್ಲಿಸಿ, 'ಕೊಲ್ಲಬೇಕಿತ್ತಾ?' ಎಂದು ಮಕ್ಕಳನ್ನೇ ಕೇಳಿ. ನನ್ನ ತರಗತಿಯಲ್ಲಿ ಗಂಟೆ ಹೊಡೆದ ಮೇಲೂ ಜಗಳ ನಡೆದಿತ್ತು.