ಓಕೆ ಬಟನ್ ಸ್ಕ್ರೀನ್ ಕೆಳಗೆ ಹೋಗ್ಬಿಡತ್ತಾ?
ಸಾಫ್ಟ್‌ವೇರ್ ಮಾಡೋರು ದಯವಿಟ್ಟು ಇದನ್ನ ಗಮನಿಸಿ. ಲ್ಯಾಪ್‌ಟಾಪ್ 1920×1080 ಪಿಕ್ಸೆಲ್ (ಸ್ಕ್ರೀನಿನ ಚುಕ್ಕಿ) ಅಂದ ತಕ್ಷಣ ಅಷ್ಟೂ ಜಾಗ ಸಿಗತ್ತೆ ಅಂದ್ಕೋಬೇಡಿ, ಸ್ಕೇಲಿಂಗ್ (ಅಕ್ಷರ, ಬಟನ್ ಎಲ್ಲಾ ದೊಡ್ಡದಾಗಿ ತೋರಿಸೋ ಸೆಟ್ಟಿಂಗ್) 150% ಇದ್ರೆ ನಿಮ್ಮ ಆ್ಯಪ್‌ಗೆ ಸಿಗೋದು ಬರೀ 1280×720, ಅದ್ರಲ್ಲೂ ವಿಂಡೋಸ್ 11 ಟಾಸ್ಕ್‌ಬಾರ್ ಇದೇ ಲೆಕ್ಕದಲ್ಲಿ 48 ಪಿಕ್ಸೆಲ್ ತಗೊಂಡ್ರೆ ಎತ್ತರ 672ಕ್ಕೆ ಇಳಿಯತ್ತೆ, ಟೈಟಲ್ ಬಾರ್ ಕೂಡ ಅದ್ರೊಳಗೇ ಬರ್ಬೇಕು. 4ಕೆ (3840×2160) ಮಾನಿಟರ್‌ನಲ್ಲೂ 300% ಇಟ್ರೆ ಅದೇ 1280×720! ಇನ್ನು ವಿಂಡೋಗೆ ಕನಿಷ್ಠ 768 ಎತ್ತರ ಇರ್ಲೇಬೇಕು ಅಂತ ಫಿಕ್ಸ್ ಮಾಡಿದ್ರೆ ಸೇವ್ ಬಟನ್ ಯಾರಿಗೆ ಕಾಣ್ಬೇಕು ಹೇಳಿ. ಸ್ಕೇಲಿಂಗ್ ಜಾಸ್ತಿ ಇಡೋರಲ್ಲಿ ಕಣ್ಣು ಮಂಜಾಗಿರೋ ಹಿರಿಯರೂ ಇರ್ತಾರೆ, ಅವ್ರಿಗೇ ತೊಂದ್ರೆ ಆಗೋದು ನಂಗೆ ನಿಜವಾಗ್ಲೂ ಬೇಜಾರು.

ಕನಿಷ್ಠ ಎತ್ತರ 500ರ ಆಸುಪಾಸು ಇಡಿ, ಮಧ್ಯದ ಭಾಗಕ್ಕೆ ಸ್ಕ್ರಾಲ್ ಕೊಡಿ, ಬಟನ್‌ಗಳು ಮಾತ್ರ ಸ್ಕ್ರಾಲ್ ಆಗದೆ ಕೆಳಗೆ ನಿಂತಿರ್ಲಿ. ವಿಂಡೋ ತೆರೆಯುವಾಗ ಪೂರ್ತಿ ಸ್ಕ್ರೀನ್ ಅಳತೆ ಅಲ್ಲ, ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ ಎಷ್ಟು ಅಂತ ಕೇಳಿ ತೆರೀರಿ, ಎರಡನೇ ಮಾನಿಟರ್‌ಗೆ ಎಳೆದಾಗ ಅಲ್ಲಿನ ಸ್ಕೇಲಿಂಗ್ ಬೇರೆ ಇರಬಹುದು, ಆಗ್ಲೂ ಮತ್ತೆ ನೋಡ್ಬೇಕು.

ಬಳಸೋರಿಗೆ ಸದ್ಯಕ್ಕೆ ಒಂದು ದಾರಿ: ಆಲ್ಟ್ + ಸ್ಪೇಸ್ ಒತ್ತಿ, ಆಮೇಲೆ ಎಮ್, ಆಮೇಲೆ ಮೇಲ್ಮುಖ ಬಾಣದ ಕೀ ಒತ್ತಿ ಹಿಡೀರಿ, ವಿಂಡೋ ಮೇಲಕ್ಕೆ ಸರಿದು ಬಟನ್ ಕಾಣತ್ತೆ.